ಎರಡು ದಾಳ, ನಾನೂರು ಗಿಡ

ಭಾನುವಾರ ಸಂಜೆಯಾದರೆ ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಮಹಡಿಗೆ ಅಣ್ಣನ ಮಗನೂ ಅವನ ಇಂಜಿನಿಯರಿಂಗ್ ಗೆಳೆಯರೂ ಬಂದು ಸೇರುತ್ತಾರೆ. ನಡುವೆ ಮಂಡಕ್ಕಿ, ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ, ಸುತ್ತ ಇಪ್ಪತ್ತು ಮುಖದ ದಾಳಗಳು. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳು. ಕೋಟೆಯ ಗೋಡೆ ಹತ್ತಿದರೋ ಜಾರಿಬಿದ್ದರೋ, ಅದನ್ನು ದಾಳ ಹೇಳುತ್ತದೆ. ಹೋದ ವಾರ ನಾನು ಚಹಾ ತೆಗೆದುಕೊಂಡು ಹೋದಾಗ ಹುಡುಗ ಒಂದು ಕೆಂಪು ದಾಳವನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದ.

"ಇದಕ್ಕೆ ಶನಿ ಹಿಡಿದೈತೆ ಅತ್ತೆ. ನಾಲ್ಕು ಸಲ ಹಾಕಿದ್ರೂ ಹತ್ತು ದಾಟ್ಲಿಲ್ಲ."

"ಹಂಗಾದ್ರೆ ಈಗ ದೊಡ್ಡದು ಬೀಳ್ಲೇಬೇಕಲ್ಲೋ, ಅದನ್ನೇ ಹಾಕು" ಎಂದ ಪಕ್ಕದವನು.

ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವಳಿಗೆ ಇಂಥ ಮಾತು ಕೇಳಿದರೆ ಸುಮ್ಮನಿರಲು ಆಗುವುದಿಲ್ಲ. ಒಬ್ಬನ ಮಾತು ಇನ್ನೊಬ್ಬನದಕ್ಕೆ ತದ್ವಿರುದ್ಧ, ಆದರೆ ದಾಳಕ್ಕೆ ನೆನಪಿದೆ ಎಂದು ಇಬ್ಬರೂ ನಂಬಿದ್ದಾರೆ. ನೆನಪಿರುವುದು ಮಾರಿಕಣಿವೆ ಜಲಾಶಯಕ್ಕೆ. ಹಿರಿಯೂರಿನ ವಾಣಿವಿಲಾಸ ಸಾಗರವೆಂದರೂ ಅದೇ. 1933ರಲ್ಲಿ ಅದು ಕೋಡಿ ಬಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ಹೋದ ವರ್ಷದ ನೀರು ಒಡಲಲ್ಲಿ ಉಳಿದಿದ್ದರೆ ಈ ವರ್ಷದ ಮಳೆ ಅಷ್ಟು ಹೆಣಗಬೇಕಿಲ್ಲ, ಹಾಗಾಗಿ ಅಲ್ಲಿ "ಈ ಸಲ ತುಂಬಬಹುದು" ಎಂಬ ಮಾತಿಗೆ ಅರ್ಥವಿದೆ. ದಾಳಕ್ಕೆ ಅಂಥ ಒಡಲಿಲ್ಲ. ಪ್ರತಿ ಸಲವೂ ಅದು ಬತ್ತಿದ ಕೆರೆ. ನಾಲ್ಕು ಸಲ ಹತ್ತು ದಾಟದಿರುವ ಸಾಧ್ಯತೆ 16ರಲ್ಲಿ 1. ಐದು ಜನ ಸಂಜೆಯಿಡೀ ಆಡುವ ಕಡೆ ಅದು ಯಾರಿಗೂ ಆಗದಿದ್ದರೇ ಆಶ್ಚರ್ಯ.

ದಾಳವನ್ನು ಡಬ್ಬಿಗೆ ಹಾಕಿ ಅದೃಷ್ಟ ಬದಲಿಸಲು ಬರುವುದಿಲ್ಲ. ಆಟದ ನಿಯಮ ಬದಲಿಸಿದರೆ ಬರುತ್ತದೆ, ಮತ್ತು ಈ ಆಟದವರು ಅದನ್ನು ಮಾಡಿದ್ದಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ಹಳೆಯ ಆವೃತ್ತಿಗಳಲ್ಲಿ ಕತ್ತಿ ಬೀಸಲು ಇಪ್ಪತ್ತು ಮುಖದ ದಾಳ, ಗುಪ್ತದ್ವಾರ ಹುಡುಕಲು ಆರು ಮುಖದ್ದು, ಕಳ್ಳ ಬೀಗ ತೆಗೆಯಬೇಕಾದರೆ ನೂರರ ಲೆಕ್ಕ. 2000ದ ಮೂರನೇ ಆವೃತ್ತಿ ಎಲ್ಲದಕ್ಕೂ ಒಂದೇ ಸೂತ್ರ ತಂದಿತು: ಇಪ್ಪತ್ತು ಮುಖದ ದಾಳ ಹಾಕು, ನಿನ್ನ ಸಾಮರ್ಥ್ಯದ ಅಂಕ ಕೂಡಿಸು, ಗುರಿ ಮುಟ್ಟಿತೇ ನೋಡು. ಅದರ ಜೊತೆಗೇ ಎತ್ತರದಲ್ಲಿ ನಿಂತಿದ್ದಕ್ಕೊಂದು, ಮಂತ್ರಕ್ಕೆರಡು ಎಂದು ಕೂಡಿ ಕಳೆಯುವ ಲೆಕ್ಕ ಕಿರಾಣಿ ಅಂಗಡಿಯ ಚೀಟಿಯಷ್ಟು ಉದ್ದವಾಯಿತು. 2014ರ ಐದನೇ ಆವೃತ್ತಿ ಆ ಚೀಟಿಯ ಬಹುಭಾಗವನ್ನು ಹರಿದುಹಾಕಿ ಅಡ್ವಾಂಟೇಜ್ ಎಂಬ ನಿಯಮ ತಂದಿತು. ಪರಿಸ್ಥಿತಿ ನಿನ್ನ ಕಡೆಗಿದ್ದರೆ ಎರಡು ದಾಳ ಹಾಕು, ದೊಡ್ಡದನ್ನು ಇಟ್ಟುಕೋ. ವಿರುದ್ಧವಿದ್ದರೆ ಎರಡು ಹಾಕು, ಚಿಕ್ಕದನ್ನು ಇಟ್ಟುಕೋ. 2024ರ ಪರಿಷ್ಕರಣೆಯಲ್ಲೂ ಇದು ಉಳಿದಿದೆ. ಉಳಿಯಲೇಬೇಕಾದ ನಿಯಮ ಎಂಬುದು ನನ್ನ ಅಭಿಪ್ರಾಯ.

ಇದರ ಸೊಗಸು ತಿಳಿಯಬೇಕಾದರೆ ಎಣಿಸಬೇಕು. ನಳನ ಕಥೆ ನೆನಪಿದೆಯಲ್ಲ? ಋತುಪರ್ಣ ರಾಜ ರಥದಲ್ಲಿ ಕೂತೇ ತಾರೆ ಮರವೊಂದನ್ನು ನೋಡಿ ಅದರ ಎಲೆ, ಕಾಯಿ ಇಷ್ಟಿಷ್ಟೆಂದು ಹೇಳುತ್ತಾನೆ. ನಳ ರಥ ನಿಲ್ಲಿಸಿ, ಮರ ಕಡಿದು ಎಣಿಸಿ ನೋಡುತ್ತಾನೆ, ಲೆಕ್ಕ ತಾಳೆಯಾಗುತ್ತದೆ. ಆಮೇಲೆ ಅಶ್ವವಿದ್ಯೆಯನ್ನು ಕೊಟ್ಟು ದ್ಯೂತದ ವಿದ್ಯೆಯನ್ನು ಪಡೆಯುತ್ತಾನೆ. ಆ ಕಾಲದಲ್ಲಿ ಜೂಜಿಗೆ ಬಳಸುತ್ತಿದ್ದದ್ದೂ ತಾರೆಕಾಯಿಯನ್ನೇ. ದಾಳದ ವಿದ್ಯೆಯೆಂದರೆ ಎಣಿಕೆಯ ವಿದ್ಯೆ ಎಂದು ಕಥೆ ಕಟ್ಟಿದವರಿಗೆ ಗೊತ್ತಿತ್ತು. ಕಲಿ ಹೊಕ್ಕಿದ್ದರಿಂದ ನಳ ಸೋತ ಎಂಬಷ್ಟನ್ನೇ ನಾವು ನೆನಪಿಟ್ಟುಕೊಂಡೆವು.

ನಾವೂ ಎಣಿಸೋಣ. ನಮ್ಮ ಸೀಮೆಯ ಮೆಕ್ಕೆಜೋಳದ ಹೊಲವೊಂದನ್ನು ತೆಗೆದುಕೊಳ್ಳಿ: ಉದ್ದಕ್ಕೆ 20 ಸಾಲು, ಸಾಲಿಗೆ 20 ಗಿಡ, ಒಟ್ಟು 400. ಮೊದಲ ದಾಳ ಎಷ್ಟನೇ ಸಾಲು ಎಂದು ಹೇಳುತ್ತದೆ, ಎರಡನೆಯದು ಆ ಸಾಲಿನ ಎಷ್ಟನೇ ಗಿಡ ಎಂದು. ಗೆಲ್ಲಲು 11 ಬೇಕು ಎಂದಿಟ್ಟುಕೊಳ್ಳಿ. ಸೋಲಬೇಕಾದರೆ ಎರಡೂ ದಾಳ 10ರೊಳಗೇ ಬೀಳಬೇಕು, ಅಂದರೆ ಹೊಲದ ಒಂದು ಮೂಲೆಯ 10 ಸಾಲು, 10 ಗಿಡ. ಕಾಡುಹಂದಿ ಆ 100 ಗಿಡದ ಮೂಲೆಯನ್ನು ಮೇಯ್ದು ಹೋಯಿತು, 300 ಉಳಿಯಿತು. ಒಂದೇ ದಾಳದಲ್ಲಿ ನೂರಕ್ಕೆ 50 ಇದ್ದ ಗೆಲುವು 75 ಆಯಿತು.

ಈಗ ಗೆಲ್ಲಲು 20 ಬೇಕೇ ಬೇಕು ಎನ್ನಿ. ಹಂದಿಗೆ 19 ಸಾಲು, 19 ಗಿಡ, ಅಂದರೆ 361. ಎರಡು ಬದುವಿನ ಗುಂಟ 39 ಗಿಡ ಮಾತ್ರ ಉಳಿದವು. ನೂರಕ್ಕೆ 5 ಇದ್ದದ್ದು 9.75 ಆಯಿತು, ಲಾಭ ಐದೂ ಇಲ್ಲ. ಗೆಲ್ಲಲು 2 ಸಾಕು ಎಂದಾದರೆ ಹಂದಿ ತಿನ್ನುವುದು ಒಂದೇ ಒಂದು ಗಿಡ. 95 ಇದ್ದದ್ದು 99.75 ಆಗುತ್ತದೆ, ಅಲ್ಲೂ ಲಾಭ ಅಷ್ಟೇ.

ಸುಮ್ಮನೆ ಐದಂಕ ಕೂಡಿಸುವ ಹಳೆಯ ಪದ್ಧತಿಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ. ಐದಂಕ ಸಿಕ್ಕಿದರೆ 20 ಬೇಕಿದ್ದವನಿಗೆ 15 ಸಾಕಾಗುತ್ತದೆ, 5ರ ಗೆಲುವು ಒಮ್ಮೆಗೇ 30ಕ್ಕೆ ಹಾರುತ್ತದೆ. 25 ಬೇಕಿದ್ದವನಿಗೂ ಬಾಗಿಲು ತೆರೆಯುತ್ತದೆ. ಎರಡು ದಾಳದ ನಿಯಮ ಆಗದ್ದನ್ನು ಆಗಿಸುವುದಿಲ್ಲ. ಆಗಬಹುದೋ ಇಲ್ಲವೋ ಎಂದು ಹೊಸ್ತಿಲ ಮೇಲೆ ನಿಂತವನನ್ನು ಒಳಗೆ ಕರೆದುಕೊಳ್ಳುತ್ತದೆ.

ಎಸ್ಸೆಸ್ಸೆಲ್ಸಿಗೆ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಇಟ್ಟರು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದಿತ್ತು. ರ‍್ಯಾಂಕ್ ಬರುವ ಹುಡುಗಿ ಹೇಗೂ ಪಾಸು. ಪುಸ್ತಕವನ್ನೇ ತೆರೆಯದವನಿಗೆ ಮೂರಲ್ಲ, ಆರು ಪರೀಕ್ಷೆ ಇಟ್ಟರೂ ಕಷ್ಟ. ಮೂವತ್ತು, ಮೂವತ್ತೈದರ ಗಡಿಯಲ್ಲಿ ತೂಗುವ ಮಗುವಿಗೆ ಅದು ಬದುಕೇ. ಹೋಲಿಕೆ ಪೂರ್ತಿ ಸರಿಯಲ್ಲ, ಮಕ್ಕಳು ನಡುವೆ ಓದಿಕೊಳ್ಳುತ್ತಾರೆ, ದಾಳ ಓದುವುದಿಲ್ಲ. ಆದರೆ ಹೆಚ್ಚಿನದನ್ನು ಉಳಿಸಿಕೊಳ್ಳುವ ಲೆಕ್ಕ ಎರಡು ಕಡೆಯೂ ಒಂದೇ.

ಬೇರೆ ಆಟಗಳು ಬೇರೆ ದಾರಿ ಹಿಡಿದಿವೆ. ಆರು ಮುಖದ ಎರಡು ದಾಳ ಕೂಡಿಸುವ ಆಟಗಳಿವೆ. ಅಲ್ಲಿ 36 ಬಗೆಯಲ್ಲಿ 7 ಬರಲು ಆರು ದಾರಿ, 12ಕ್ಕೆ ಒಂದೇ. ನಮ್ಮ ಚೌಕಾಬಾರವೂ ಇದೇ ಜಾತಿಯದು. ನಮ್ಮಜ್ಜಿ ನಾಲ್ಕು ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡುತ್ತಿದ್ದಳು. ಬೀಜ ಎರಡು ಕಡೆಗೂ ಸಮವಾಗಿ ಬೀಳುವುದಾದರೆ 16 ಬಗೆಯಲ್ಲಿ ಎರಡು ಬೆಳ್ಳಗೆ ಬೀಳಲು ಆರು ದಾರಿ, ನಾಲ್ಕೂ ಬೆಳ್ಳಗೆ ಬೀಳುವ ಚೌಕಕ್ಕೆ ಒಂದು, ನಾಲ್ಕೂ ಕಪ್ಪಗೆ ಬೀಳುವ ಬಾರಕ್ಕೆ ಒಂದು. ಅಪರೂಪಕ್ಕೆ ಬೀಳುವ ಆ ಎರಡು ಗರಕ್ಕೇ ಇನ್ನೊಂದು ಸಲ ಹಾಕುವ ಬಹುಮಾನ ಇಟ್ಟವರು ಯಾರೋ, ಅವರಿಗೆ ನನ್ನ ನಮಸ್ಕಾರ. ಉಜ್ಜಿದ ಬೀಜ ಮಾತ್ರ ಸಮವಾಗಿ ಬೀಳುತ್ತದೆಂಬ ಭರವಸೆ ಇಲ್ಲ. ಅನುಮಾನವಿದ್ದರೆ ಇನ್ನೂರು ಸಲ ಹಾಕಿ ಬರೆದಿಟ್ಟುಕೊಳ್ಳಬೇಕು. ಕೆಂಪು ದಾಳಕ್ಕೂ ಅದೇ ಪರೀಕ್ಷೆ, ಡಬ್ಬಿಯಲ್ಲ.

ಮೆಕ್ಕೆಜೋಳದ ಹೊಲವನ್ನು ಅವರ ನೋಟ್‌ಬುಕ್ಕಿನಲ್ಲೇ ಗೀಚಿ ತೋರಿಸಿದೆ. ಅಷ್ಟರಲ್ಲಿ ಹುಡುಗನ ಸರದಿ ಬಂತು. ಅಡ್ವಾಂಟೇಜ್ ಸಿಕ್ಕಿತ್ತು, 11 ಬೇಕಿತ್ತು, ಕೈಯಲ್ಲಿದ್ದದ್ದು ಒಂದೇ ದಾಳ. ಡಬ್ಬಿಯ ಮುಚ್ಚಳ ತೆಗೆದು ಕೆಂಪು ದಾಳವನ್ನೂ ಸೇರಿಸಿ ಹಾಕಿದ. ಕೆಂಪಿನಲ್ಲಿ 9, ನೀಲಿಯಲ್ಲಿ 4.

"ಹಂದಿ ಮೂಲೆ ಅತ್ತೆ" ಎಂದು ಎರಡನ್ನೂ ಎತ್ತಿ ಪಕ್ಕದವನ ಕೈಗೆ ಕೊಟ್ಟ.