ಹೂವು ಆಮೇಲೆ, ಮೊದಲು ಮುಳ್ಳು ನೋಡಿ

ಅಮೆರಿಕದ ಮೊಹಾವಿ ಮರುಭೂಮಿ ನೋಡಿಬಂದವರು ಹೆಸರು ಕೇಳಿ ನನಗೆ ಕಳಿಸುವ ಫೋಟೊಗಳಲ್ಲಿ ಒಂದು ಗಿಡ ಮತ್ತೆ ಮತ್ತೆ ಬರುತ್ತದೆ. ಜಲ್ಲಿಕಲ್ಲಿನ ನಡುವೆ ಬೆರಳುದ್ದದ, ಕಪ್ಪಗೆ ಒಣಗಿದ ಮುಳ್ಳಿನ ಮುದ್ದೆ. "ಇದ್ಯಾವ ಕಳ್ಳಿ?" ಅಂತ ಕೇಳುತ್ತಾರೆ. ಕಳ್ಳಿ ಅಲ್ಲ. ಉತ್ತರ ಭಾರತದವರು ವ್ರತದ ದಿನ ಪೂರಿ ಮಾಡುವ ಕುಟ್ಟು ಹಿಟ್ಟು ಇದೆಯಲ್ಲ, ಆ ಗಿಡದ ಕುಟುಂಬದ್ದೇ ಇದು. ಕುಟುಂಬ ಪಾಲಿಗೊನೇಸಿ, ಗಿಡ ಕೊರಿಜಾಂತೆ ರಿಜಿಡಾ. ಒಂದೇ ವರ್ಷ ಬದುಕುವ, ಅಲ್ಲಿನದೇ ಕಾಡುಹೂವು.

ಸಸ್ಯಶಾಸ್ತ್ರ ಓದಿದವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ನಮ್ಮ ಕೆರೆ ಅಂಚಿನಲ್ಲಿ ಬೆಳೆಯುವ, ಇದೇ ಕುಟುಂಬದ ಪರ್ಸಿಕೇರಿಯಾ ಗಿಡದ ಗೆಣ್ಣು ನೋಡಿ, ಸುತ್ತ ತೆಳ್ಳನೆಯ ಪೊರೆಯ ಕೊಳವೆ ಇರುತ್ತದೆ. ಕುಟುಂಬದ ಗುರುತು ಅಂತ ಕಾಲೇಜಿನಲ್ಲಿ ಕಲಿತದ್ದು ಅದನ್ನೇ ಅಲ್ವಾ? ಇದೇ ಕುಟುಂಬದ ಮರುಭೂಮಿ ಗಿಡಗಳಾದ ಎರಿಯೋಗೊನಮ್, ಕೊರಿಜಾಂತೆಗಳಲ್ಲಿ ಆ ಪೊರೆಯೇ ಇಲ್ಲ. ಅಲ್ಲಿ ನೋಡಬೇಕಾದದ್ದು ಹೂವನ್ನು ಹೊತ್ತಿರುವ ಪುಟ್ಟ ಕೊಳವೆಯನ್ನು. ಇನ್ವಲ್ಯೂಕರ್ ಅಂತೀವಿ. ಎರಿಯೋಗೊನಮ್‌ನಲ್ಲಿ ಅದರ ಬಾಯಂಚಿಗೆ ಮುಳ್ಳಿರುವುದಿಲ್ಲ. ಕೊರಿಜಾಂತೆಯಲ್ಲಿ ಅಂಚಿನ ಹಲ್ಲುಗಳೆಲ್ಲ ಮುಳ್ಳಾಗಿ ಮುಗಿಯುತ್ತವೆ.

ಈಗ ರಿಜಿಡಾಗೆ ಬರೋಣ. ಎತ್ತರ ಹೆಚ್ಚೆಂದರೆ 15 ಸೆಂಟಿಮೀಟರ್. ಮಾರ್ಚ್, ಏಪ್ರಿಲ್‌ನಲ್ಲಿ ಹಸಿರಾಗಿದ್ದಾಗ ಬುಡದಲ್ಲಿ ಉದ್ದ ತೊಟ್ಟಿನ ಅಗಲ ಎಲೆಗಳು ಸಿಗುತ್ತವೆ. ಒಂದನ್ನು ಮೆಲ್ಲಗೆ ತಿರುಗಿಸಿ ನೋಡಿದರೆ ಅಡಿಭಾಗದಲ್ಲಿ ಬಿಳಿ ಉಣ್ಣೆ. ಹಳದಿ ಹೂವು ಸುಮಾರು 2 ಮಿಲಿಮೀಟರ್ ಅಷ್ಟೆ, ಅದೂ ಮುಳ್ಳಿನ ಒಳಗೆ ಅಡಗಿರುತ್ತದೆ. ಹೂವನ್ನೇ ನಂಬಿಕೊಂಡ ಮೊಬೈಲ್ ಆ್ಯಪ್ ಇಲ್ಲಿ ಏನೇನೋ ಹೆಸರು ಹೇಳಿದರೆ ಆಶ್ಚರ್ಯವಿಲ್ಲ. ಮುಳ್ಳುಗಳು ಒಂದೇ ಅಳತೆಯವಲ್ಲ, ಆದರೆ ಎಲ್ಲವೂ ನೆಟ್ಟಗೆ, ಗಡುಸಾಗಿ ನಿಂತಿರುತ್ತವೆ.

ಪಕ್ಕದಲ್ಲೇ ಬೆಳೆಯುವ ಕೊರಿಜಾಂತೆ ಬ್ರೆವಿಕಾರ್ನು ಜೊತೆ ಗೊಂದಲ ಆಗಬಹುದು. ಅದರ ಎಲೆ ಕಿರಿದು, ಕೊಳವೆ ಸಪೂರ, ತುದಿಯ 6 ಪುಟ್ಟ ಮುಳ್ಳುಗಳು ಹೊರಕ್ಕೆ ಬಾಗಿರುತ್ತವೆ. ಒಣಗಿದ ಕಾಂಡ ಮುಟ್ಟಿದರೆ ಸಾಕು, ಗೆಣ್ಣಿನಲ್ಲಿ ಪಟಪಟ ಮುರಿಯುತ್ತದೆ. ರಿಜಿಡಾ ಹಾಗಲ್ಲ. ಸತ್ತ ಮೇಲೆ ಮರದಂತೆ ಗಟ್ಟಿಯಾಗಿ, ವರ್ಷ ಕಳೆದರೂ ನಿಂತೇ ಇರುತ್ತದೆ. ಹಾಗಾಗಿ ಮಳೆ ಕೈಕೊಟ್ಟ ವರ್ಷ ಹೋದರೂ ಹಿಂದಿನ ಸಲದ ಅಸ್ಥಿಪಂಜರ ಇದ್ದರೆ ಗುರುತಿಸಬಹುದು. ನನಗಂತೂ ಹಸಿ ಗಿಡಕ್ಕಿಂತ ಒಣಗಿದ್ದನ್ನು ಗುರುತಿಸುವುದೇ ಸುಲಭ.

ಆದರೆ ಸುಮ್ನೆ ಒಣಕಡ್ಡಿ ಅಂತ ಕಿತ್ತುಕೊಂಡು ಬರಬೇಡಿ. ಆ ಮುಳ್ಳಿನೊಳಗೆ ಬೀಜಗಳು ಹಾಗೇ ಉಳಿದಿರುತ್ತವೆ. ಗಿಡ ಅವನ್ನು ಒಂದೇ ಸಲ ಉದುರಿಸುವುದಿಲ್ಲ. ಮಳೆ ಬಿದ್ದು ಪಂಜರ ನೆನೆದಾಗ ಒಂದಿಷ್ಟು, ಮುಂದಿನ ಮಳೆಗೆ ಇನ್ನೊಂದಿಷ್ಟು ಬಿಡುತ್ತದೆ. ನೆಲ ಒದ್ದೆಯಾದ ಹೊತ್ತಿಗೇ ಬೀಜ ಕೆಳಗೆ ಬೀಳುತ್ತದೆ. ಒಂದು ವರ್ಷ ಮೊಳೆತದ್ದೆಲ್ಲ ಬಾಡಿಹೋದರೂ ಪಂಜರದಲ್ಲಿ ದಾಸ್ತಾನು ಇದ್ದೇ ಇರುತ್ತದೆ.

ಹೆಸರು ಬೇಕಿದ್ದರೆ ಮೇಲಿಂದ ಒಂದೇ ಫೋಟೊ ಸಾಲದು. ನೆಲಕ್ಕೆ ಬಗ್ಗಿ ಬದಿಯಿಂದ ಒಂದು, ಬುಡದ ಎಲೆಯದ್ದು ಒಂದು, ಮುಳ್ಳಿನ ತುದಿಯದ್ದು ಹತ್ತಿರದಿಂದ ಒಂದು ತೆಗೆಯಿರಿ. ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇಟ್ಟರೆ ನನ್ನ ಕೆಲಸ ಅರ್ಧ ಮುಗಿದ ಹಾಗೆ.