ಜೋಳ ಅದೇ, ಕೋಷ್ಟಕ ಬೇರೆ

ರಾಯಚೂರಿನ ನನ್ನ ಸಲಹಾ ಕೊಠಡಿಯ ಕಪಾಟಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಎರಡು ಆಹಾರ ಕೋಷ್ಟಕಗಳು ಅಕ್ಕಪಕ್ಕದಲ್ಲಿವೆ. ಒಂದು 1989ರಲ್ಲಿ ಪರಿಷ್ಕರಣೆಗೊಂಡದ್ದು, ನಾನು ಓದುತ್ತಿದ್ದಾಗ ಕೊಂಡದ್ದು; ಇನ್ನೊಂದು 2017ರದು. ಹಳೆಯದನ್ನು ತೆರೆದು ಜೋಳದ ಸಾಲಿಗೆ ಬೆರಳಿಟ್ಟರೆ ನೂರು ಗ್ರಾಂ ಕಾಳಿನಲ್ಲಿ ನಾರು 1.6 ಗ್ರಾಂ ಎಂದು ಕಾಣುತ್ತದೆ. ಹೊಸದರಲ್ಲಿ ಅದೇ ಜೋಳಕ್ಕೆ 10 ಗ್ರಾಂಗಿಂತ ತುಸು ಹೆಚ್ಚೇ ಬರೆದಿದೆ. ನಡುವಿನ ಮೂರು ದಶಕಗಳಲ್ಲಿ ನಮ್ಮ ಎರೆಹೊಲಗಳ ಜೋಳಕ್ಕೆ ಆರು ಪಟ್ಟು ನಾರು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಎರಡೂ ಅಂಕಿಗಳು ಅವುಗಳ ಮಟ್ಟಿಗೆ ಸರಿಯೇ ಎಂದು ನಾನು ಹೇಳಬೇಕಾಗುತ್ತದೆ.

ಹಳೆಯ ಅಂಕಿಯನ್ನು ಪಡೆದ ವಿಧಾನ 1860ರ ದಶಕದಲ್ಲಿ ಜರ್ಮನಿಯಲ್ಲಿ ದನದ ಮೇವಿನ ಗುಣವನ್ನು ಅಳೆಯಲು ಹುಟ್ಟಿದ್ದು. ಮಾದರಿಯನ್ನು ಮೊದಲು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸಿ, ಕೊನೆಗೆ ಉಳಿದ ಗಸಿಯನ್ನು ತೂಗಿ ಅದನ್ನು ಕಚ್ಚಾ ನಾರು ಎಂದು ಕರೆಯುತ್ತಿದ್ದರು. ಈ ಕುದಿತದಲ್ಲಿ ನಾರಿನ ದೊಡ್ಡ ಪಾಲೇ ಕರಗಿ ಹೋಗುತ್ತಿತ್ತು. ನಾರೆಂದರೆ ಸತ್ವವಿಲ್ಲದ ಹೊಟ್ಟು ಎಂದು ತಿಳಿದಿದ್ದ ಕಾಲದಲ್ಲಿ ಅದರಿಂದ ಯಾರಿಗೂ ನಷ್ಟವಾಗಲಿಲ್ಲ. 1970ರ ದಶಕದ ಆರಂಭದಲ್ಲಿ, ಆಫ್ರಿಕಾದಲ್ಲಿ ಬಹುಕಾಲ ಕೆಲಸ ಮಾಡಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಮತ್ತು ಅವರ ಸಹೋದ್ಯೋಗಿ ಹ್ಯೂ ಟ್ರೋವೆಲ್, ಅಲ್ಲಿನ ಹಳ್ಳಿಗರಲ್ಲಿ ಕರುಳಿನ ಕೆಲವು ಕಾಯಿಲೆಗಳು ಕಡಿಮೆ ಇರುವುದಕ್ಕೂ ಅವರು ತಿನ್ನುವ ನಾರಿಗೂ ನಂಟಿರಬೇಕೆಂದು ವಾದಿಸಿದ ಮೇಲೆ, ಮನುಷ್ಯನ ಕರುಳಿನಲ್ಲಿ ಜೀರ್ಣವಾಗದೆ ಉಳಿಯುವುದೆಲ್ಲವನ್ನೂ ನಾರೆಂದೇ ಎಣಿಸಬೇಕೆಂಬ ವಿಚಾರ ಬಲಗೊಂಡಿತು. ಜೀರ್ಣರಸದ ಕಿಣ್ವಗಳನ್ನೇ ಬಳಸಿ ಅಳೆಯುವ ಕ್ರಮ ಬಂದದ್ದು ಆಮೇಲೆ. ಅಂದರೆ ಕಾಳು ಮೊದಲಿನದೇ ಇತ್ತು, ಅಳೆಯುವ ಕೊಳಗ ಬೇರೆಯಾಯಿತು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಮಾನ್ವಿ ಕಡೆಯ ಹಿರಿಯ ರೈತರೊಬ್ಬರು ಕಾರಣ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ನನ್ನಲ್ಲಿ ಪಥ್ಯ ಕೇಳಲು ಬರುವ ಅವರು ಕಳೆದ ಬೇಸಿಗೆಯಲ್ಲಿ ಕುರ್ಚಿಯ ಮೇಲೆ ಕೂಡುವ ಮೊದಲೇ, "ಇವತ್ತೊಂದು ಹೇಳ್ತೀರಿ, ನಾಳಿಗೊಂದು ಹೇಳ್ತೀರಿ, ನಾವು ಯಾವುದು ನಂಬಬೇಕ್ರಿ ಮೇಡಂ?" ಎಂದರು. ಅದು ನ್ಯಾಯವಾದ ಪ್ರಶ್ನೆ. ವಿಜ್ಞಾನವೆಂದರೆ ಬದಲಾಗುತ್ತಲೇ ಇರುತ್ತದೆ ಎಂಬ ಒಂದು ವಾಕ್ಯದಲ್ಲಿ ನಾವು ಅದನ್ನು ತಳ್ಳಿಹಾಕುವುದೇ ಹೆಚ್ಚು. ಆ ಉತ್ತರದಿಂದ ಕೇಳಿದವರಿಗೆ ಏನೂ ದಕ್ಕುವುದಿಲ್ಲ, ಏಕೆಂದರೆ ಬದಲಾವಣೆಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಕಡೆ ಅಳತೆ ಬದಲಾಗಿದೆ, ಕೆಲವು ಕಡೆ ಹಿಂದಿನವರು ನಿಜಕ್ಕೂ ತಪ್ಪಿದ್ದಾರೆ. ಇನ್ನು ಬಹಳಷ್ಟು ಕಡೆ ಉತ್ತರ ಕೊಟ್ಟ ಪ್ರಶ್ನೆಯೇ ಬೇರೆಯದಾಗಿತ್ತು.

ಈ ಕೊನೆಯ ಬಗೆಗೆ ನಮ್ಮ ಜೋಳಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇಂದು ಸಿರಿಧಾನ್ಯಗಳ ಪಟ್ಟಿಯಲ್ಲಿ ಮೆರೆಯುವ ಈ ಕಾಳು, ನಾನು ವಿದ್ಯಾರ್ಥಿನಿಯಾಗಿದ್ದಾಗ ಪರೀಕ್ಷೆಯಲ್ಲಿ ಬರುತ್ತಿದ್ದದ್ದು ಒಂದು ರೋಗದ ಜೊತೆಗೆ. ಪೆಲಾಗ್ರ ಎಂಬ ಆ ರೋಗದಲ್ಲಿ ಬಿಸಿಲಿಗೆ ತೆರೆದುಕೊಂಡ ಕುತ್ತಿಗೆ, ಮುಂಗೈ, ಪಾದಗಳ ಚರ್ಮ ಕಪ್ಪಾಗಿ ಬಿರಿಯುತ್ತದೆ, ಭೇದಿಯಾಗುತ್ತದೆ, ಕೈಮೀರಿದರೆ ಬುದ್ಧಿಭ್ರಮಣೆಯೂ ಆಗುತ್ತದೆ. ಇದು ಅಂಟುರೋಗವೆಂದು ಅಮೆರಿಕದ ಅನೇಕ ವೈದ್ಯರು ನಂಬಿದ್ದರು. 1915ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಅವರು ಮಿಸಿಸಿಪಿಯ ಸೆರೆಮನೆಯೊಂದರಲ್ಲಿ ಒಪ್ಪಿದ ಕೈದಿಗಳಿಗೆ ಮುಖ್ಯವಾಗಿ ಮೆಕ್ಕೆಜೋಳದಂಥ ಧಾನ್ಯಗಳ ಬಡ ಊಟವನ್ನು ಕೊಟ್ಟು, ರೋಗ ಬರುವುದು ತಟ್ಟೆಯ ಕೊರತೆಯಿಂದ ಎಂದು ತೋರಿಸಿದರು. ಕೊರತೆಯಾದ ವಸ್ತು ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ ಎಂದು ತಿಳಿದದ್ದು 1937ರಲ್ಲಿ. ಆದರೆ ದಖ್ಖನ್ ಪ್ರದೇಶದಲ್ಲಿ ಒಗಟು ಬೇರೆಯಾಗಿತ್ತು. ಇಲ್ಲಿಯ ರೋಗಿಗಳು ಮೆಕ್ಕೆಜೋಳ ತಿನ್ನುತ್ತಿರಲಿಲ್ಲ, ಬಿಳಿಜೋಳ ತಿನ್ನುತ್ತಿದ್ದರು. ದೇಹವು ನಯಾಸಿನ್ನನ್ನು ತಯಾರಿಸಿಕೊಳ್ಳಲು ಬಳಸುವ ಟ್ರಿಪ್ಟೊಫಾನ್ (ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳಲ್ಲೊಂದು) ಮೆಕ್ಕೆಜೋಳದಲ್ಲಿ ಕಡಿಮೆ ಇದ್ದಂತೆ ಜೋಳದಲ್ಲಿ ಕಡಿಮೆಯೇನೂ ಇರಲಿಲ್ಲ. 1960ರಲ್ಲಿ ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಈ ತಯಾರಿಕೆಗೆ ಅಡ್ಡಿ ಮಾಡುತ್ತಿರಬೇಕು ಎಂಬ ವಿವರಣೆಯನ್ನು ಮುಂದಿಟ್ಟರು. ಕಡಿಮೆ ಲ್ಯೂಸಿನ್ ಇರುವ ಜೋಳದ ತಳಿಗಳ ಹುಡುಕಾಟವೂ ನಡೆಯಿತು. ಬೇರೆಡೆಯ ಪ್ರಯೋಗಗಳು ಈ ವಿವರಣೆಗೆ ಒಂದೇ ತೆರನಾದ ಬೆಂಬಲ ಕೊಡಲಿಲ್ಲವಾದ್ದರಿಂದ ಅದು ಇಂದಿಗೂ ವಿವಾದದಲ್ಲಿಯೇ ಉಳಿದಿದೆ. ರೋಗ ಮಾತ್ರ ಈಗ ಅಪರೂಪವಾಗಿದೆ. ಕಂಡರೆ ಹೆಚ್ಚಾಗಿ ಕುಡಿತಕ್ಕೆ ಬಿದ್ದು ಊಟ ಬಿಟ್ಟವರಲ್ಲಿ ಕಾಣುತ್ತದೆ.

ಹಾಗಾದರೆ ಜೋಳ ಕೆಟ್ಟದ್ದೆಂದು ಹೇಳಿದವರು ತಪ್ಪಿದರೆ, ಒಳ್ಳೆಯದೆಂದು ಈಗ ಹೇಳುವವರು ಸರಿಯೆ? ಪೆಲಾಗ್ರ ಬಂದದ್ದು ರೊಟ್ಟಿಯ ಜೊತೆಗೆ ಪುಂಡಿಪಲ್ಯ, ಹೆಸರುಕಾಳು, ಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡವರಿಗಲ್ಲ. ವರ್ಷದ ಬಹುಪಾಲು ದಿನ ರೊಟ್ಟಿಗೆ ಕಾರ ಬಿಟ್ಟರೆ ಬೇರೇನೂ ಕಾಣದ ಬಡ ಕೂಲಿಕಾರರಿಗೆ ಅದು ಬಂತು. ಆಗಿನ ಸಂಶೋಧಕರು ಕೇಳಿದ್ದು, ಜೋಳವೊಂದನ್ನೇ ನಂಬಿ ಬದುಕಿದರೆ ಏನಾಗುತ್ತದೆ ಎಂಬುದನ್ನು. ಈಗ ನನ್ನ ಮುಂದೆ ಕೂಡುವವರು ಮೂರು ಹೊತ್ತು ಪಾಲಿಶ್ ಮಾಡಿದ ಸೋನಾ ಮಸೂರಿ ಅನ್ನ ಉಂಡು, ಅಂಗಡಿಯ ಗಲ್ಲಾದ ಮೇಲೆ ಹತ್ತು ತಾಸು ಕೂಡುವವರು. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಸಿಂಧನೂರು, ಗಂಗಾವತಿಗಳು ಭತ್ತದ ಸೀಮೆಗಳಾದವು. ಹಬ್ಬದ ಅಡಿಗೆಯಾಗಿದ್ದ ಬಾನ ದಿನದ ಊಟವಾಯಿತು. ಅಂಥವರಿಗೆ, ನೂರು ಗ್ರಾಂಗೆ ಮೂರು ಗ್ರಾಂ ಆಸುಪಾಸು ನಾರಿರುವ ಅಕ್ಕಿಯ ಜಾಗದಲ್ಲಿ ಜೋಳ ತಿನ್ನಿರಿ ಎಂದು ನಾನು ಹೇಳುವುದು, 1960ರ ಮಾತನ್ನು ಅಳಿಸಿಹಾಕಿ ಹೇಳುವ ಮಾತಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಒರಟು ಧಾನ್ಯವೆಂಬ ಹೆಸರು ತೆಗೆದು ಪೌಷ್ಟಿಕ ಧಾನ್ಯವೆಂದು ಕರೆದಾಗ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಈ ಹಳೆಯ ಕಥೆಯನ್ನು ಯಾರೂ ನೆನೆಯಲಿಲ್ಲ ಎಂಬುದು ನನ್ನ ಸಣ್ಣ ಅಸಮಾಧಾನ. ಜೋಳವನ್ನು ಹೊಗಳುವವರು ಜೊತೆಗಿನ ಪಲ್ಯದ ಹೆಸರನ್ನೂ ಹೇಳಬೇಕಿತ್ತು.

ಮೊಟ್ಟೆಯ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರುವಾದ ಕೆಲವು ದಿನಗಳಿಗೆ, ಮೊಮ್ಮಗನನ್ನು ಕರೆತಂದ ಅಜ್ಜಿಯೊಬ್ಬರು ಸೆರಗಿನ ಗಂಟಿನಿಂದ ಮಾಸಿದ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಮನಿಯವ್ರಿಗೆ ತತ್ತಿ ಬ್ಯಾಡ ಅಂತ ನೀವ ಬರ್ದು ಕೊಟ್ಟಿದ್ರಿ. ಈಗ ಸಾಲಿಯೊಳಗ ಹುಡುಗ್ರಿಗೆ ಸರ್ಕಾರನ ಕೊಡ್ತೈತಲ್ರಿ?" ಎಂದರು. ಕೈಬರಹ ನನ್ನದೇ. ಬೆಳೆಯುವ ಹುಡುಗನಿಗೂ ಹೃದಯದ ತೊಂದರೆ ಇರುವ ಅಜ್ಜನಿಗೂ ಒಂದೇ ಮಾತು ಅನ್ವಯಿಸುವುದಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಅದು ಅರ್ಧ ಸತ್ಯ ಮಾತ್ರ.

ವಾರಕ್ಕೆ ಮೂರು ಹಳದಿಗಿಂತ ಹೆಚ್ಚು ಬೇಡ ಎಂದು ಅಮೆರಿಕದ ಹೃದಯ ಸಂಘ ಹೇಳಿದ್ದು 1968ರಲ್ಲಿ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದವರಿಗೆ ಹೃದಯಾಘಾತ ಹೆಚ್ಚು. ಹಳದಿಯಲ್ಲಿ ಕೊಲೆಸ್ಟ್ರಾಲ್ ಇದೆ, ಒಂದರಲ್ಲಿ 190 ಮಿಲಿಗ್ರಾಂನ ಆಸುಪಾಸು. ಆದ್ದರಿಂದ ಹಳದಿ ಕಡಿಮೆ ಮಾಡಬೇಕು. ತರ್ಕ ನೇರವಾಗಿಯೇ ಇತ್ತು. ಇದರ ಬೇರು 1913ರಲ್ಲಿ ರಷ್ಯದ ನಿಕೊಲಾಯ್ ಅನಿಚ್ಕೋವ್ ಅವರು ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ರಕ್ತನಾಳ ಕಟ್ಟಿಕೊಳ್ಳುವುದನ್ನು ತೋರಿಸಿದ ಪ್ರಯೋಗದವರೆಗೂ ಹೋಗುತ್ತದೆ. ಮೊಲ ಸೊಪ್ಪು ತಿನ್ನುವ ಪ್ರಾಣಿ. ಮನುಷ್ಯನ ಯಕೃತ್ತಾದರೋ ಹೊರಗಿನಿಂದ ಹೆಚ್ಚು ಬಂದಾಗ ತನ್ನ ತಯಾರಿಕೆಯನ್ನು ಬಹುಮಟ್ಟಿಗೆ ತಗ್ಗಿಸಿಕೊಳ್ಳುತ್ತದೆ. ಬಹುಪಾಲು ಜನರಲ್ಲಿ ರಕ್ತದ ಕೊಲೆಸ್ಟ್ರಾಲನ್ನು ಹೆಚ್ಚಾಗಿ ಏರಿಸುವುದು ಬೆಣ್ಣೆ, ವನಸ್ಪತಿ, ಕೊಬ್ಬಿದ ಮಾಂಸಗಳಲ್ಲಿನ ಕೊಬ್ಬು. ಅಮೆರಿಕದ 2015ರ ಮಾರ್ಗಸೂಚಿಯಿಂದ ದಿನಕ್ಕೆ 300 ಮಿಲಿಗ್ರಾಂ ಎಂಬ ಮಿತಿ ಹೊರಟುಹೋಯಿತು. ಅದೇ ಮಾರ್ಗಸೂಚಿಯಲ್ಲಿ ಕೊಲೆಸ್ಟ್ರಾಲನ್ನು ಆದಷ್ಟು ಕಡಿಮೆ ತಿನ್ನಿ ಎಂಬ ವಾಕ್ಯವೂ ಇತ್ತು, ಆದರೆ ಅದು ಸುದ್ದಿಯಾಗಲಿಲ್ಲ. 2019ರಲ್ಲಿ ಸುಮಾರು 29,600 ಜನರ ಮಾಹಿತಿ ಸೇರಿಸಿ ನೋಡಿದ ಅಮೆರಿಕದ ಅಧ್ಯಯನವೊಂದು ಮೊಟ್ಟೆ ಹೆಚ್ಚಾದಂತೆ ಅಪಾಯವೂ ತುಸು ಹೆಚ್ಚಾಗುವುದನ್ನು ಕಂಡಿತು. ಮರುವರ್ಷವೇ ಬಂದ ಇನ್ನೊಂದು ದೊಡ್ಡ ವಿಶ್ಲೇಷಣೆ ದಿನಕ್ಕೊಂದು ಮೊಟ್ಟೆಯಿಂದ ಅಂಥ ನಂಟು ಕಾಣಲಿಲ್ಲ ಎಂದಿತು. ವ್ಯಾಜ್ಯ ಇನ್ನೂ ಪೂರ್ತಿ ತೀರಿಲ್ಲ.

ಆದರೆ ನನ್ನ ತಪ್ಪು ಇದ್ದದ್ದು ಹಳದಿಯ ಲೆಕ್ಕದಲ್ಲಲ್ಲ. ಮೊಟ್ಟೆ ಬಿಟ್ಟ ಮೇಲೆ ಅಜ್ಜ ಏನು ತಿಂದರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವರು ಮುಂಜಾನೆ ಎರಡು ತತ್ತಿಯ ಬದಲಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನುತ್ತಿದ್ದರಂತೆ, ಅದೂ ಹಲವು ಬಾರಿ ಕಾದ ಎಣ್ಣೆಯದು. ಒಂದನ್ನು ಬಿಡಿಸಿದರೆ ಆ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ. ಬಿಟ್ಟದ್ದರ ಫಲ, ಬಂದದ್ದು ಯಾವುದು ಎಂಬುದನ್ನು ಅವಲಂಬಿಸಿರುತ್ತದೆ.

ಬೆಣ್ಣೆಯ ಜಾಗಕ್ಕೆ ಗಟ್ಟಿಗೊಳಿಸಿದ ಸಸ್ಯಕೊಬ್ಬು ಬಂದಾಗ ಆದದ್ದೂ ಇದೇ. ಅದರಲ್ಲಿನ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 1990ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ಅದನ್ನು ಶೇಕಡಾ 2ಕ್ಕೆ ಮಿತಿಗೊಳಿಸುವ ನಿಯಮ ಜಾರಿಯಾಗಲು 2022ರ ಜನವರಿ ಬರಬೇಕಾಯಿತು. ಇಲ್ಲಿ ಹಿಂದಿನ ಸಲಹೆ ಶುದ್ಧ ತಪ್ಪೇ ಆಗಿತ್ತು, ಸಮರ್ಥಿಸಲು ಏನೂ ಇಲ್ಲ.

ಕುಸುಬಿ ಎಣ್ಣೆಯ ಕಥೆ ಇನ್ನಷ್ಟು ಗೋಜಲಿನದು. ಹಿಂಗಾರಿಯ ಜೋಳದ ಹೊಲದ ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬಿಯನ್ನು ಬಿತ್ತುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದರ ಎಣ್ಣೆ ಅಡಿಗೆಮನೆಗೆ ಬರುತ್ತಿತ್ತು. ಆಮೇಲೆ ಇದೇ ಎಣ್ಣೆಯನ್ನು ಹೃದಯಕ್ಕೆ ಹಿತವೆಂದು ಪೇಟೆಯಲ್ಲಿ ಮಾರಿದರು. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ, ಹೃದಯದ ಆಘಾತ ಕಂಡಿದ್ದ 458 ಗಂಡಸರಲ್ಲಿ ಒಂದು ಗುಂಪಿಗೆ ಪ್ರಾಣಿಕೊಬ್ಬಿನ ಬದಲು ಕುಸುಬಿ ಎಣ್ಣೆ ಕೊಟ್ಟ ಪ್ರಯೋಗದ ಮೂಲ ಅಂಕಿಗಳನ್ನು 2013ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಆ ಗುಂಪಿನಲ್ಲಿ ಸತ್ತವರು ಶೇಕಡಾ 17.6, ಇನ್ನೊಂದರಲ್ಲಿ 11.8 ಎಂದು ತಿಳಿಯಿತು. ಅವರ ಕೊಲೆಸ್ಟ್ರಾಲ್ ಇಳಿದಿತ್ತು, ಸಾವು ಇಳಿದಿರಲಿಲ್ಲ. ಇಷ್ಟು ಕೇಳಿ ಮನೆಯ ಎಣ್ಣೆಡಬ್ಬಿಯನ್ನು ಎಸೆಯಬೇಕಿಲ್ಲ. ಪ್ರಯೋಗ ಚಿಕ್ಕದು, ಎಣ್ಣೆಯ ಪ್ರಮಾಣ ವಿಪರೀತ, ಮತ್ತು ಅನೇಕ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರೆ ಬೆಣ್ಣೆ–ತುಪ್ಪದ ಜಾಗದಲ್ಲಿ ಸಸ್ಯದೆಣ್ಣೆ ಬಳಸುವುದು ಹೃದಯಕ್ಕೆ ಅನುಕೂಲವೆಂದೇ ಕಾಣುತ್ತದೆ. ಒಂದೇ ಎಣ್ಣೆಗೆ ಜೋತುಬೀಳದೆ ಬದಲಿಸಿ ಬಳಸಿರಿ, ಒಟ್ಟು ಪ್ರಮಾಣ ಕಡಿಮೆ ಇರಲಿ ಎಂದು ನಾನು ಹೇಳುವುದು ಇದೆಲ್ಲವನ್ನೂ ಅಳೆದು ತೂಗಿದ ಮೇಲೆ. ಕೇಳುವವರಿಗೆ ಅದು ಸಪ್ಪೆ ಎನಿಸುತ್ತದೆ, ಗೊತ್ತು.

ಮನೆಯೊಳಗೆ ಜಗಳ ಹಚ್ಚುವ ಬದಲಾವಣೆ ಎಂದರೆ ಕೂಸಿನ ಊಟದ್ದು. ಹಡೆದ ಮಗಳನ್ನು ಕರೆತರುವ ತಾಯಂದಿರು, ತಮಗೆ ನಾಲ್ಕು ತಿಂಗಳಿಗೇ ಮೇಲೂಟ ಶುರು ಮಾಡಲು ದವಾಖಾನೆಯಲ್ಲಿ ಹೇಳಿದ್ದರು ಎನ್ನುತ್ತಾರೆ. ಅವರು ಹೇಳುವುದು ನಿಜ. ನಾಲ್ಕರಿಂದ ಆರು ತಿಂಗಳ ನಡುವೆ ಎಂಬುದು ಆಗಿನ ಮಾತು. ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಮೇಲೆ 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪೂರ್ತಿ ಆರು ತಿಂಗಳು ಎಂದು ಬದಲಿಸಿತು; ಎದೆಹಾಲು ಮಾತ್ರ ಕುಡಿದ ಕೂಸುಗಳಿಗೆ ಭೇದಿ ಕಡಿಮೆ ಎಂಬುದು ಮುಖ್ಯ ಕಾರಣಗಳಲ್ಲೊಂದು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ "ಕೂಸಿಗೆ ಬಾಯಿ ಒಣಗತೈತ್ರಿ, ಎರಡ್ ಚಮಚ ನೀರರ ಹಾಕ್ತೀವಿ" ಎಂಬ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಎದೆಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇದೆ, ಸೆಕೆಗೆ ಇನ್ನೆರಡು ಸಲ ಹೆಚ್ಚು ಕುಡಿಸಿದರೆ ಸಾಕು ಎಂದರೆ ಮಗಳು ಒಪ್ಪುತ್ತಾಳೆ, ತಾಯಿ ಮುಖ ತಿರುಗಿಸುತ್ತಾರೆ. ನಿಮಗೆ ಆಗ ಹೇಳಿದ್ದು ಆಗಿನ ತಿಳಿವಳಿಕೆಗೆ ಸರಿಯಾಗಿತ್ತು, ನೀವು ಮಗಳಿಗೆ ಕೇಡೇನೂ ಮಾಡಿಲ್ಲ ಎಂದು ಮೊದಲು ಹೇಳಿದರೆ ಮಾತು ಸಲೀಸಾಗಿ ಮುಂದುವರಿಯುತ್ತದೆ ಎಂಬುದನ್ನು ಕಲಿಯಲು ನನಗೆ ಕೆಲವು ವರ್ಷಗಳೇ ಹಿಡಿದವು.

ಮಾನ್ವಿಯ ಹಿರಿಯರ ಬಳಿಗೆ ಮರಳುತ್ತೇನೆ. ಅನ್ನ ಬಿಟ್ಟು ರೊಟ್ಟಿ ಹಿಡಿದರೂ ಅವರ ಸಕ್ಕರೆ ಇಳಿದಿರಲಿಲ್ಲ, ಸಿಟ್ಟಿನ ಮೂಲ ಅದು. ಮರುಭೇಟಿಗೆ ಮನೆಯ ರೊಟ್ಟಿ ಕಟ್ಟಿಕೊಂಡು ಬರಲು ಹೇಳಿದೆ. ಅವರ ಮನೆಯವರು ತಂದದ್ದು ಕೈತುಂಬ ಅಗಲದ ಮೆತ್ತನೆಯ ದಪ್ಪ ರೊಟ್ಟಿ. ಒಂದಕ್ಕೆ ಎಷ್ಟು ಹಿಟ್ಟು ಹಿಡಿಯುತ್ತದೆ ಎಂದು ಅವರಿಂದಲೇ ಅಳೆಸಿದಾಗ 90 ಗ್ರಾಂ ಬಂತು. ಜೋಳದ ಹಿಟ್ಟಿನಲ್ಲಿ ಮೂರನೆಯ ಎರಡು ಪಾಲು ಪಿಷ್ಟವೇ ಇರುತ್ತದೆಯಾದ್ದರಿಂದ ಅವರು ಒಂದು ಹೊತ್ತಿಗೆ ಉಣ್ಣುತ್ತಿದ್ದ ನಾಲ್ಕು ರೊಟ್ಟಿಯಲ್ಲಿ 240 ಗ್ರಾಂನಷ್ಟು ಪಿಷ್ಟ ಹೊಟ್ಟೆ ಸೇರುತ್ತಿತ್ತು. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇಕಡಾ 45ನ್ನು ಮೀರಬಾರದು ಎಂದು ಹೈದರಾಬಾದಿನ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ, ಸಿರಿಧಾನ್ಯವೂ ಧಾನ್ಯವೇ. ಎರಡು ತೆಳು ರೊಟ್ಟಿ, ಬಟ್ಟಲು ತುಂಬ ಕಾಳುಪಲ್ಯ, ಸೊಪ್ಪು, ಮೊಸರು ಎಂದು ಹೊಸ ಚೀಟಿ ಬರೆದೆ.

ಚೀಟಿಯನ್ನು ಮಡಚಿ ಕಿಸೆಗೆ ಇಡುವ ಮೊದಲು ಅವರು, "ಮುಂದಿನ ವರ್ಷ ಇದನ್ನೂ ಬದಲ ಮಾಡ್ತೀರೇನ್ರಿ?" ಎಂದರು. ಮಾಡಿದರೂ ಮಾಡಬಹುದು, ಆದರೆ ಯಾಕೆ ಎಂದು ಹೇಳಿಯೇ ಮಾಡುತ್ತೇನೆ ಎಂದೆ. ಚೀಟಿಯನ್ನು ವಾಪಸ್ಸು ಇಸಿದುಕೊಂಡು ಮೇಲ್ಗಡೆ ಆ ದಿನದ ತಾರೀಖು ಬರೆದುಕೊಟ್ಟೆ. ಆಗಿನಿಂದ ಎಲ್ಲರ ಚೀಟಿಯ ಮೇಲೂ ಬರೆಯುತ್ತಿದ್ದೇನೆ.