ಕರೆಂಟ್ ಹೋದ ಚಳಿಯಲ್ಲಿ ಕೆಂಡ ಒಳಗೆ ತರಬೇಡಿ

ಹ್ಯೂಸ್ಟನ್‌ನಲ್ಲಿ ಚಳಿಗೆ ತಯಾರಿ ಹೇಳಿಕೊಡ್ತೀನಿ ಅಂದರೆ ಮೊದಲೆಲ್ಲ ಜನ ನಗುತ್ತಿದ್ದರು. ಬೆವರಿನ ಊರು ಇದು. 2021ರ ಫೆಬ್ರವರಿಯ ಹಿಮಗಾಳಿ ಆದ ಮೇಲೆ ಯಾರೂ ನಗುವುದಿಲ್ಲ. ಆ ವಾರ ನಮ್ಮ ಟೆಕ್ಸಸ್ ರಾಜ್ಯದಲ್ಲಿ 45 ಲಕ್ಷದಷ್ಟು ಮನೆಗಳಿಗೆ ಕರೆಂಟ್ ಹೋಯಿತು, ಪೈಪ್ ಒಡೆದು ಎಷ್ಟೋ ಕಡೆ ನೀರೂ ನಿಂತಿತು, ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲೇ 246 ಜನ ಸತ್ತರು. ಹೆಚ್ಚಿನವರು ಸತ್ತಿದ್ದು ಚಳಿಗೇ.

ನಾನು ನರ್ಸ್. ಟ್ರೇಲರ್ ಮನೆಗಳ ಕಾಲೊನಿ, ಚರ್ಚಿನ ಹಾಲ್, ವಯಸ್ಸಾದವರ ಅಪಾರ್ಟ್‌ಮೆಂಟ್, ಹೀಗೆ ಕರೆದ ಕಡೆ ಹೋಗಿ ಪಾಠ ಮಾಡುತ್ತೇನೆ. ಮೊದಲ ವರ್ಷ ಒಂದು ಪಟ್ಟಿ ಹಂಚಿದ್ದೆ. ರೇಡಿಯೋ, ಡಬ್ಬಿ ಊಟ, ಪವರ್ ಬ್ಯಾಂಕ್, ಸ್ಲೀಪಿಂಗ್ ಬ್ಯಾಗ್. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಬೆಲೆ ಕೂಡಿಸಿದರು, ಆಮೇಲೆ ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡರು. ಇದು ನನ್ನ ಒಂದು ತಿಂಗಳ ಔಷಧಿ ದುಡ್ಡು ಅಂದರು. ಆವತ್ತಿಗೆ ಆ ಪಟ್ಟಿ ಬಿಟ್ಟೆ.

ಈಗ ಮನೆಯಲ್ಲಿ ಏನಿದೆ ಅಂತ ಕೇಳಿ ಶುರು ಮಾಡುತ್ತೇನೆ. ಖಾಲಿ ಸೋಡಾ ಬಾಟಲಿ ಇರುತ್ತೆ ಅಲ್ವಾ, ಅದನ್ನು ಚೆನ್ನಾಗಿ ತೊಳೆದು ಕುಡಿಯುವ ನೀರು ತುಂಬಿಡಿ. ಹಾಲಿನ ಕ್ಯಾನ್ ಬೇಡ, ಎಷ್ಟು ತೊಳೆದರೂ ಹಾಲಿನ ಅಂಶ ಪೂರ್ತಿ ಹೋಗುವುದಿಲ್ಲ, ನೀರು ಕೆಡುತ್ತದೆ. ಟಾಯ್ಲೆಟ್‌ಗೆ ಸುರಿಯಲು ಬಕೆಟ್ಟಲ್ಲೋ ಬಾತ್‌ಟಬ್ಬಲ್ಲೋ ಹಿಡಿದಿಡಿ. ಮನೆಯವರೆಲ್ಲ ಒಂದೇ ಚಿಕ್ಕ ಕೋಣೆಗೆ ಸೇರಿಕೊಳ್ಳಿ, ಬಾಗಿಲ ಸಂದಿಗೆ ಟವೆಲ್ ಸುತ್ತಿಡಿ, ಕಿಟಕಿಗೆ ಕಂಬಳಿ ಕಟ್ಟಿ. ಒಂದು ದಪ್ಪ ಕೋಟಿಗಿಂತ ಮೂರು ಅಂಗಿ ಒಂದರ ಮೇಲೊಂದು ಹಾಕಿಕೊಂಡರೆ ಬೆಚ್ಚಗಿರುತ್ತದೆ. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ.

ಆದರೆ ಬೆಂಕಿ ವಿಷಯಕ್ಕೆ ಬಂದರೆ ನಾನು ಅರ್ಧ ಗಂಟೆ ಅಲ್ಲೇ ನಿಲ್ಲುತ್ತೇನೆ. ಆ 246ರಲ್ಲಿ 19 ಜನ ಸತ್ತಿದ್ದು ಕೆಂಡ, ಎಂಜಿನ್ ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಯಿಂದ. ಇದ್ದಿಲಿನ ಗ್ರಿಲ್ ಒಳಗೆ ತರುವುದು, ಗ್ಯಾರೇಜಲ್ಲಿ ಕಾರ್ ಚಾಲೂ ಮಾಡಿಕೊಂಡು ಕೂರುವುದು, ಬಾಗಿಲ ಪಕ್ಕ ಜನರೇಟರ್ ಇಡುವುದು, ಇವೆಲ್ಲ ಮಕ್ಕಳು ಬೆಚ್ಚಗಿರಲಿ ಅಂತ ಮಾಡುವ ಕೆಲಸಗಳೇ. ಈ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ಜ್ವರ ಬರ್ತಿದೆ ಅಂದುಕೊಂಡು ಜನ ಮಲಗಿಬಿಡುತ್ತಾರೆ, ಮತ್ತೆ ಏಳುವುದಿಲ್ಲ. ಹಾಗಾಗಿ ಒಂದು ಗುರುತು ಹೇಳಿಕೊಡುತ್ತೇನೆ: ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದರೆ ಅದು ಜ್ವರ ಅಲ್ಲ, ಎಲ್ಲರೂ ತಕ್ಷಣ ಹೊರಗೆ ಹೋಗಿ, ಆಮೇಲೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ದುಡ್ಡು ಕೊಟ್ಟು ಒಂದೇ ಒಂದು ವಸ್ತು ಕೊಳ್ಳುವುದಾದರೆ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೊಳ್ಳಿ.

ಇಲ್ಲಿಗೆ ಮಕ್ಕಳ ಮನೆಗೆ ಬರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗೂ ಇದನ್ನೇ ಹೇಳುತ್ತೇನೆ. ನಮ್ಮಮ್ಮ ಒಪ್ಪಲೇ ಇಲ್ಲ. "ನೀನು ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ದಿನಾ ಕೆಂಡ ಇಡ್ತಿದ್ವಿ ಕಣೇ, ಏನಾಯ್ತು?" ಅಂದಳು. ಊರಿನ ಹೆಂಚಿನ ಮನೆಗೆ ಸಂದಿಗೊಂದಿಯಿಂದೆಲ್ಲ ಗಾಳಿ ಬರುತ್ತಿತ್ತಮ್ಮ, ಇಲ್ಲಿಯ ಮನೆಗಳು ಮುಚ್ಚಳ ಹಾಕಿದ ಡಬ್ಬಿ ಇದ್ದ ಹಾಗೆ ಅಂದೆ. ಸುಮ್ನೆ ಕಿಟಕಿ ಕಡೆ ನೋಡುತ್ತಾ ಕೂತಳು. ಮಾರನೇ ದಿನ ಅವಳೇ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು.

ಔಷಧಿ, ಅದರ ಪ್ರಮಾಣ, ಮಕ್ಕಳ ನಂಬರ್ ಕಾಗದದ ಮೇಲೆ ಬರೆದು ಫ್ರಿಜ್‌ಗೆ ಅಂಟಿಸಿ, ಫೋನ್ ಸತ್ತಾಗ ಅದೇ ದಿಕ್ಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರುವುದಿಲ್ಲ. ಆಕ್ಸಿಜನ್ ಮೆಷಿನ್ ಮೇಲೆ ಇರುವವರು ರಾಜ್ಯದ ಸಹಾಯವಾಣಿ 211ಕ್ಕೆ ಫೋನ್ ಮಾಡಿ, ತುರ್ತಿನಲ್ಲಿ ನೆರವು ಬೇಕಾದವರ ಪಟ್ಟಿಗೆ ಈಗಲೇ ಹೆಸರು ಬರೆಸಿ, ಅದಕ್ಕೆ ದುಡ್ಡಿಲ್ಲ. ಹೆಸರು ಬರೆಸಿದ ಮಾತ್ರಕ್ಕೆ ಯಾರೋ ಬಂದೇ ಬರುತ್ತಾರೆ ಅಂತ ಭರವಸೆ ಇಲ್ಲ, ಪಕ್ಕದ ಮನೆಯವರಿಗೂ ತಿಳಿಸಿಡಿ.

ಕೊನೆಗೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗುತ್ತೇನೆ. ಪೈಪ್ ಒಡೆದಾಗ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಅಂತ ಪ್ರತಿಯೊಬ್ಬರೂ ಕೈಯಲ್ಲಿ ಮುಟ್ಟಿ, ತಿರುಗಿಸಿ ನೋಡಬೇಕು. ಕಳೆದ ಸಲ ಒಬ್ಬ ತಾತನ ಬೆರಳಿಗೆ ಅದು ಅಲುಗಾಡಲೇ ಇಲ್ಲ, ಪೂರ್ತಿ ತುಕ್ಕು. ಎದುರು ಮನೆಯ ಹುಡುಗ ಎಣ್ಣೆ ತಂದು ಬಿಟ್ಟ, ಮೂರನೇ ಸಲಕ್ಕೆ ತಿರುಗಿತು. ಕತ್ತಲಲ್ಲೂ ಸಿಗಲಿ ಅಂತ ಅದಕ್ಕೊಂದು ಬಿಳಿ ಬಟ್ಟೆ ಕಟ್ಟಿ ಬಂದೆವು.